ಹಳೆಯ ಆಟಗಳ ಫ್ರೇಮ್ ರೇಟ್ ಮತ್ತು ಆರ್‌ಟಿಎಕ್ಸ್ 3060

12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡನ್ನು ನಾನು ಕೊಂಡದ್ದು ಹೊಸ ಆಟಗಳಿಗಾಗಿ ಅಲ್ಲ. 2007ರಿಂದ 2015ರ ನಡುವೆ ಬಂದ, ಹಾರ್ಡ್ ಡಿಸ್ಕಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಆಟಗಳನ್ನು ತಡವರಿಕೆಯಿಲ್ಲದೆ ಆಡಬೇಕೆಂಬ ಆಸೆಯಿಂದ. ಅದುವರೆಗೆ ಇದ್ದದ್ದು 2014ರ ಜಿಟಿಎಕ್ಸ್ 750 ಟಿಐ. ಪ್ರೊಸೆಸರ್ ಅದೇ ವರ್ಷದ ಐ5-4460, ಮದರ್‌ಬೋರ್ಡ್ ಎಚ್81, ಮಾನಿಟರ್ 1080ಪಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು "ಹಳೇ ಗೇಮ್ ಎಲ್ಲಾ ಸ್ಮೂತಾಗಿ ಓಡುತ್ತೆ ಸರ್, ಕಣ್ಣು ಮುಚ್ಚಿ ತಗೊಳ್ಳಿ" ಎಂದರು. ಆ ಮಾತು ಅರ್ಧ ಮಾತ್ರ ನಿಜವಾಯಿತು.

ಕೂಡಿಸುವಾಗಲೇ ಖರ್ಚು ಬೆಳೆಯಿತು. 750 ಟಿಐಗೆ 60 ವ್ಯಾಟ್ ಸಾಕಾಗಿತ್ತು, ಅದು ಮದರ್‌ಬೋರ್ಡಿನ ಸ್ಲಾಟಿನಿಂದಲೇ ಸಿಗುತ್ತಿತ್ತು. 3060ಕ್ಕೆ 170 ವ್ಯಾಟ್ ಬೇಕು, ಪ್ರತ್ಯೇಕ ಪವರ್ ಕೇಬಲ್ ಕೂಡ ಬೇಕು. ಹಾಗಾಗಿ 550 ವ್ಯಾಟಿನ ಹೊಸ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ತರಬೇಕಾಯಿತು.

ಮೊದಲು ಹಾಕಿದ್ದು 2015ರ ವಿಚರ್ 3. ಮೊದಲು ಮೀಡಿಯಂ ಸೆಟ್ಟಿಂಗಿನಲ್ಲೇ ಏದುಸಿರು ಬಿಡುತ್ತಿದ್ದ ಆಟ, ಈಗ ಅಲ್ಟ್ರಾದಲ್ಲಿ ಕಾಡುಮೇಡುಗಳಲ್ಲೆಲ್ಲ ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಬಿಟ್ಟು ಕದಲಲಿಲ್ಲ. ಇಲ್ಲಿ ಕಾರ್ಡ್ ಬದಲಾಯಿಸಿದ್ದು ಸಾರ್ಥಕ ಎನಿಸಿತು, ಆಟದೊಳಗಿನ ನಗರ ನೊವಿಗ್ರಾಡ್‌ನ ಸಂತೆಯ ಜನಜಂಗುಳಿಗೆ ಕಾಲಿಡುವವರೆಗೆ. ಅಲ್ಲಿ ಫ್ರೇಮ್‌ಗಳು ಕುಸಿದವು, ಸೆಟ್ಟಿಂಗ್ ಇಳಿಸಿದರೂ ಮೇಲೇಳಲಿಲ್ಲ.

ನಂತರ 2008ರ ಜಿಟಿಎ 4. ಹೊಸ ಕಾರ್ಡಿನಲ್ಲೂ ಆಟದ ನಗರದ ಸ್ಟಾರ್ ಜಂಕ್ಷನ್‌ನ ಸುತ್ತ ಕಾರು ಓಡಿಸುವಾಗ ಹಳೆಯ ಎಳೆತವೇ ಇತ್ತು. ಕಾರ್ಡು, ಪ್ರೊಸೆಸರುಗಳ ದುಡಿತ ತೋರಿಸುವ ಆಫ್ಟರ್‌ಬರ್ನರ್ ತಂತ್ರಾಂಶ ತೆರೆದು ನೋಡಿದರೆ ಕಾರ್ಡ್ ಅರ್ಧದಷ್ಟೂ ದುಡಿಯುತ್ತಿರಲಿಲ್ಲ, ಪ್ರೊಸೆಸರಿನ ಒಂದು ಕೋರ್ ಮಾತ್ರ ತುದಿಗೆ ಮುಟ್ಟಿತ್ತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂಥ ಜೋಡಿ. ಪ್ರತಿಯೊಂದು ಫ್ರೇಮಿನಲ್ಲೂ ಯಾವ ವಸ್ತುವನ್ನು ಎಲ್ಲಿ ಬಿಡಿಸಬೇಕೆಂದು ಪ್ರೊಸೆಸರ್ ಕಾರ್ಡಿಗೆ ಆದೇಶ ಕೊಡುತ್ತಾ ಹೋಗಬೇಕು. ಆಟಗಳು ಕಾರ್ಡಿನೊಡನೆ ಮಾತಾಡಲು ಬಳಸುವ ಡೈರೆಕ್ಟ್‌ಎಕ್ಸ್‌ನ 9ನೇ ಆವೃತ್ತಿಯ ಕಾಲದ ಆಟಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಒಂದೇ ಥ್ರೆಡ್ಡಿನ (ಒಂದು ಕೋರ್ ನಡೆಸುವ ಕೆಲಸದ ಸಾಲು) ಮೇಲೆ ಬೀಳುವುದರಿಂದ, ಆ ಕೋರ್ ಸುಸ್ತಾದರೆ ಎಷ್ಟೇ ದುಬಾರಿ ಕಾರ್ಡ್ ಇದ್ದರೂ ಅದು ಮುಂದಿನ ಆದೇಶಕ್ಕಾಗಿ ಕಾದು ಕೂರುತ್ತದೆ. ವಿಚಿತ್ರವೆಂದರೆ ಈ ಆಟಕ್ಕೆ ನನಗೆ ನೆರವಾದದ್ದು ಡಿಎಕ್ಸ್‌ವಿಕೆ ಎಂಬ ಉಚಿತ ತಂತ್ರಾಂಶ. ಡೈರೆಕ್ಟ್‌ಎಕ್ಸ್ ಕರೆಗಳನ್ನು ಅದು ವಲ್ಕನ್ ಎಂಬ ಹೊಸ ಬಗೆಯ ಆದೇಶಗಳಿಗೆ ಬದಲಿಸಿಕೊಡುತ್ತದೆ. ಅದನ್ನು ಹಾಕಿದ ಮೇಲೆ ಎಳೆತ ಸಾಕಷ್ಟು ತಗ್ಗಿತು. ಆ ಫೈಲನ್ನು ಹಳೆಯ ಕಾರ್ಡಿದ್ದಾಗಲೇ ಹಾಕಿ ನೋಡಬಹುದಿತ್ತು!

2011ರ ಸ್ಕೈರಿಮ್‌ನ ಕಥೆಯೇ ಬೇರೆ. ಅದರ ಫಿಸಿಕ್ಸ್, ಅಂದರೆ ವಸ್ತುಗಳ ಚಲನೆಯ ಲೆಕ್ಕ, ಫ್ರೇಮ್ ರೇಟಿಗೆ ಕಟ್ಟುಬಿದ್ದಿದೆ. ಮಿತಿ ತೆಗೆದು 60 ದಾಟಿಸಿದರೆ ಆರಂಭದ ದೃಶ್ಯದ ಗಾಡಿಯೇ ಹುಚ್ಚೆದ್ದು ಕುಣಿಯುತ್ತದೆ. ಇಂಥ ಆಟಕ್ಕೆ ಹೆಚ್ಚಿನ ಫ್ರೇಮ್‌ಗಳು ಬೇಕಾಗಿಯೇ ಇಲ್ಲ.

ಹಾಗೆಂದು ಕಾರ್ಡಿನ ಉಳಿದ ಶಕ್ತಿ ಪೂರ್ತಿ ವ್ಯರ್ಥವೂ ಅಲ್ಲ. ಕಾರ್ಡ್ ತಯಾರಕ ಎನ್ವಿಡಿಯಾದ ಡಿಎಸ್‌ಆರ್ ಎಂಬ ಸೌಲಭ್ಯ ಬಳಸಿ ಆಟವನ್ನು 4ಕೆಯಲ್ಲಿ ರಚಿಸಿ 1080ಪಿ ಪರದೆಗೆ ಇಳಿಸಿದಾಗ, ಜಿಟಿಎಯ ದೂರದ ತಂತಿಗಳೂ ಸ್ಕೈರಿಮ್‌ನ ಹುಲ್ಲಿನ ಅಂಚುಗಳೂ ಮಿನುಗುವುದನ್ನು ನಿಲ್ಲಿಸಿದವು. ಫ್ರೇಮ್ ಸಂಖ್ಯೆ ಬಹುತೇಕ ಇದ್ದಲ್ಲೇ ಇತ್ತು, ನೋಟ ಮಾತ್ರ ಬೇರೆಯಾಯಿತು.

ಕೊಳ್ಳುವ ಮೊದಲು ಮಾಡಬಹುದಾದ ಪರೀಕ್ಷೆ ಸುಲಭ. ನಿಮ್ಮಿಷ್ಟದ ಆಟವನ್ನು ಈಗಿರುವ ಕಾರ್ಡಿನಲ್ಲೇ 720ಪಿ ರೆಸಲ್ಯೂಶನ್ನಿಗೆ ಇಳಿಸಿ ನೋಡಿ. ಫ್ರೇಮ್‌ಗಳು ಏರಿದರೆ ಕಾರ್ಡೇ ಅಡ್ಡಿ, ಹೊಸದರಿಂದ ಲಾಭವಿದೆ. ಅಲುಗದಿದ್ದರೆ ಹಣವನ್ನು ಪ್ರೊಸೆಸರಿಗೆ ಇಡುವುದು ಲೇಸು, ಆಟವೇ ಮಿತಿ ಹಾಕಿಕೊಂಡಿದ್ದರೆ ಯಾವುದಕ್ಕೂ ಬೇಡ. ಕಾರ್ಡೇ ಬೇಕೆಂದಾದರೆ ಬೋರ್ಡಿನ ಸ್ಲಾಟನ್ನೂ ಗಮನಿಸಿ: ನನ್ನ ಎಚ್81ರಲ್ಲಿರುವುದು ಪಿಸಿಐ ಎಕ್ಸ್‌ಪ್ರೆಸ್ 2.0, ಎಂಟೇ ಲೇನ್ (ದತ್ತಾಂಶ ಸಾಗುವ ಹಾದಿ) ಬಳಸುವ ಎಎಂಡಿಯ ಆರ್‌ಎಕ್ಸ್ 6600 ಕಾರ್ಡ್ ಹಾಕಿದ್ದರೆ ಆ ದಾರಿ ಇನ್ನಷ್ಟು ಇಕ್ಕಟ್ಟಾಗುತ್ತಿತ್ತು. 3060 ಹದಿನಾರೂ ಲೇನ್ ಬಳಸುವುದರಿಂದ, ಈ ಹಳೆಯ ಬೋರ್ಡಿಗೆ ನನ್ನ ಆಯ್ಕೆ ಅಷ್ಟರಮಟ್ಟಿಗೆ ಸರಿಯಾಗಿತ್ತು.