ನಾಡಿಗೆ ಬೆರಳು, ಉಸಿರಿಗೆ ಕ್ಯಾಮೆರಾ: ಮನೆಯಲ್ಲೇ ಹೋಲಿಸಿ ನೋಡಿದ್ದು

ಮೂರು ದಾರಿಗಳನ್ನು ಮನೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಲ್ಯಾಪ್‌ಟಾಪ್ ಕ್ಯಾಮೆರಾ ಮುಂದೆ ಸುಮ್ನೆ ಕೂರುವುದು, ಫೋನಿನ ಹಿಂದಿನ ಕ್ಯಾಮೆರಾ ಮೇಲೆ ಬೆರಳಿಡುವುದು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ನಾಡಿಯ ಮಟ್ಟಿಗೆ ಮುಖ ನೋಡುವ ಕ್ಯಾಮೆರಾಗೆ ಕೊನೆಯ ಸ್ಥಾನ. ಉಸಿರು ಎಣಿಸುವುದರಲ್ಲಿ ಮಾತ್ರ ಮುಟ್ಟದೆ ನೋಡುವ ಕ್ಯಾಮೆರಾವೇ ಗೆದ್ದಿತು.

ಮುಖದಲ್ಲಿ ನಾಡಿ ಕಾಣುವುದು ಹೇಗೆ? ಹೃದಯ ಬಡಿದಾಗಲೆಲ್ಲ ಚರ್ಮದ ಕೆಳಗಿನ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ಹಣೆ, ಕೆನ್ನೆಯಿಂದ ವಾಪಸ್ ಬರುವ ಹಸಿರು ಪ್ರತಿ ಬಡಿತಕ್ಕೂ ಚೂರು ತಗ್ಗುತ್ತದೆ. ಸಾಮಾನ್ಯ ಕ್ಯಾಮೆರಾ, ಮಾಮೂಲಿ ಬೆಳಕು ಇದ್ದರೂ ಇದನ್ನು ಹಿಡಿಯಬಹುದು ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. 2010ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ವೆಬ್‌ಕ್ಯಾಮ್‌ನಲ್ಲೇ ಮಾಡಿದರು.

ನಾನು ಮೊದಲು ಹಸಿರು ಬಣ್ಣವೊಂದನ್ನೇ ಅಳೆದೆ. ಕಿಟಕಿಯ ಹಗಲು ಬೆಳಕು ಮುಖದ ಮೇಲೆ ಬೀಳುವಂತೆ ಅಲುಗಾಡದೆ ಕೂತರೆ ಲೆಕ್ಕ ಆಕ್ಸಿಮೀಟರಿಗೆ ತೀರಾ ಹತ್ತಿರ ಬಂತು. ರಾತ್ರಿ ಟ್ಯೂಬ್‌ಲೈಟ್ ಕೆಳಗೆ, ಪಕ್ಕದಲ್ಲಿ ಟಿವಿ ಮಿನುಗುತ್ತಿದ್ದರೆ ದಾರಿ ತಪ್ಪಿತು. ಆಮೇಲೆ ಡೆ ಹಾನ್ ಮತ್ತು ಜೀನ್ ಎಂಬ ಸಂಶೋಧಕರು 2013ರಲ್ಲಿ ಕೊಟ್ಟ, ಮೂರೂ ಬಣ್ಣಗಳನ್ನು ತಾಳೆ ನೋಡುವ ವಿಧಾನ ಹಾಕಿದೆ. ತಲೆ ಅಲುಗಿದಾಗ ಕೆಂಪು, ಹಸಿರು, ನೀಲಿ ಮೂರೂ ಜೊತೆಯಾಗಿ ಏರಿಳಿಯುತ್ತವೆ. ರಕ್ತ ನುಗ್ಗಿದಾಗ ಹಾಗಲ್ಲ, ಒಂದೊಂದು ಬಣ್ಣ ಒಂದೊಂದು ಪ್ರಮಾಣದಲ್ಲಿ ಬದಲಾಗುತ್ತದೆ. ಆ ವ್ಯತ್ಯಾಸ ಹಿಡಿದುಕೊಂಡರೆ ಸಣ್ಣಪುಟ್ಟ ಅಲುಗಾಟ ತೊಂದರೆ ಕೊಡುವುದಿಲ್ಲ. ಆದರೂ ಮಾತಾಡಲು ಶುರು ಮಾಡಿದರೆ ಎರಡೂ ವಿಧಾನ ಕೆಡುತ್ತವೆ.

ನನಗೆ ಬೇಸರ ತರಿಸಿದ್ದು ಬೇರೆ. ಮನೆಯಲ್ಲಿ ಎಣ್ಣೆಗೆಂಪು ಬಣ್ಣದವರ ಮುಖದಲ್ಲಿ ನಾಡಿಯ ಏರಿಳಿತದ ಅಲೆ ಸ್ಪಷ್ಟವಾಗಿತ್ತು, ಕಪ್ಪು ಬಣ್ಣದವರಲ್ಲಿ ತೀರಾ ಮಂಕು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ, ಕ್ಯಾಮೆರಾಗೆ ಉಳಿಯುವುದು ಕಮ್ಮಿ. ನಮ್ಮ ದೇಶದಲ್ಲಿ ಇದು ಸಣ್ಣ ಕೊರತೆ ಅಲ್ಲ ಅಲ್ವಾ? ಇಂಥ ಆ್ಯಪ್ ಮಾರುವವರು ಕಪ್ಪು ಚರ್ಮದ ಮೇಲೆ ಎಷ್ಟು ಪರೀಕ್ಷಿಸಿದ್ದೇವೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಬೇಕು.

ಬೆರಳಿಡುವ ವಿಧಾನದಲ್ಲಿ ಈ ಕಾಟ ಕಮ್ಮಿ. ಫ್ಲ್ಯಾಶ್ ಬೆಳಕು ಬೆರಳೊಳಗೆ ಹೋಗಿ ಬರುತ್ತದೆ, ಹೊರಗಿನ ಬೆಳಕು ಒಳಗೆ ಬರುವುದಿಲ್ಲ. ಕಪ್ಪು ಬೆರಳಿಗೂ ಅಲೆ ಚೆನ್ನಾಗಿಯೇ ಬಂತು. ಗಟ್ಟಿಯಾಗಿ ಒತ್ತಬಾರದು ಅಷ್ಟೇ. ಒತ್ತಿದರೆ ರಕ್ತ ಸರಿದು ಅಲೆ ಮಾಯ. ಕೈ ತಣ್ಣಗಿದ್ದರೂ ಕಷ್ಟ.

ಆಮ್ಲಜನಕದ ಪ್ರಮಾಣಕ್ಕೆ ಆಕ್ಸಿಮೀಟರ್ ಬಿಟ್ಟು ಬೇರೆ ಯಾವುದನ್ನೂ ನಾನು ನಂಬುವುದಿಲ್ಲ. ಅದು ಕೆಂಪು ಮತ್ತು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್), ಸುಮಾರು 660 ಮತ್ತು 940 ನ್ಯಾನೋಮೀಟರಿನ ಎರಡು ಬೆಳಕುಗಳನ್ನು ಹೋಲಿಸುತ್ತದೆ. ಫೋನ್ ಕ್ಯಾಮೆರಾದಲ್ಲಿ ಅವಗೆಂಪನ್ನು ತಡೆಯಲೆಂದೇ ಫಿಲ್ಟರ್ ಇರುತ್ತದೆ. ಸೆಲ್ಫಿ ನೋಡಿ ಬಿಪಿ ಹೇಳುತ್ತೇವೆ ಎನ್ನುವುದನ್ನಂತೂ ದೂರ ಇಡಿ.

ಇನ್ನು ಉಸಿರು. ಇಲ್ಲಿ ಬಣ್ಣವೇ ಬೇಡ, ಎದೆ ಹೊಟ್ಟೆಯ ಏರಿಳಿತ ಸಾಕು. ಹಾಗಾಗಿ ಕಪ್ಪು, ಬಿಳುಪು ಎಲ್ಲರಿಗೂ ಒಂದೇ ಥರ ಕೆಲಸ ಮಾಡಿತು. ಮಲಗಿದ ಮಗುವಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮುಟ್ಟಿದರೆ ಎದ್ದು ಅಳುತ್ತದೆ, ಅತ್ತರೆ ಉಸಿರಿನ ಲೆಕ್ಕ ಕೆಟ್ಟಿತು. ಆಶಾ ಕಾರ್ಯಕರ್ತೆಯರು ನ್ಯುಮೋನಿಯಾ ಅನುಮಾನ ಬಂದಾಗ ಪೂರ್ತಿ ಒಂದು ನಿಮಿಷ ಎದೆ ನೋಡಿ ಎಣಿಸುತ್ತಾರೆ. 2 ತಿಂಗಳು ದಾಟಿ ವರ್ಷ ತುಂಬದ ಮಗುವಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರಿಗೆ 40, ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೇಗದ ಉಸಿರು.

ಫೋನನ್ನು ಪುಸ್ತಕಗಳ ಮೇಲೆ ಅಲುಗಾಡದಂತೆ ಇಟ್ಟು, ಫ್ಯಾನ್ ಆರಿಸಿ, ಒಂದು ನಿಮಿಷ ವಿಡಿಯೋ ಮಾಡಿ. ಫ್ಯಾನಿನ ಗಾಳಿಗೆ ಹೊದಿಕೆ ಅಲುಗಿದರೆ ವಿಡಿಯೋ ನೋಡಿ ಎಣಿಸುವ ಪ್ರೋಗ್ರಾಂ ಅದನ್ನೂ ಉಸಿರೆಂದು ಎಣಿಸುತ್ತದೆ. ವಿಡಿಯೋ ಇದ್ದರೆ ಇನ್ನೊಂದು ಲಾಭ: ಸಂಶಯ ಬಂದರೆ ಕಣ್ಣಲ್ಲೇ ಮತ್ತೆ ಎಣಿಸಬಹುದು, ಡಾಕ್ಟರಿಗೂ ತೋರಿಸಬಹುದು.