ತುಂಡು ತುಂಡಾಗಿ ಹೋಗೋದಾ, ಒಂದೇ ಉಸಿರಿಗಾ?

ನಮ್ಮದು 34 ಅಡಿಯ ಹಳೇ ಹಾಯಿದೋಣಿ. ಗೆಳೆಯನ ಜೊತೆ ಪಾಲಿಗೆ ಕೊಂಡದ್ದು. ಮನೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ. ನನಗೆ ಸಾಫ್ಟ್‌ವೇರ್ ಕೆಲಸ, ಹೆಂಡತಿಗೆ ಆಸ್ಪತ್ರೆಯ ಶಿಫ್ಟ್, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಹಬ್ಬದ ರಜೆಯೂ ಸೇರಿ ವರ್ಷಕ್ಕೆ ಸಿಗುವುದು 28 ದಿನ. ಅಷ್ಟರಲ್ಲೇ ಉಡುಪಿಗೂ ಹೋಗಿ ಬರಬೇಕು. ಇದರ ಮಧ್ಯೆ ದೂರದ ಸಮುದ್ರಯಾನದ ಹುಚ್ಚು ಬೇರೆ. ಮೂರು ದಾರಿ ಹಿಡಿದು ನೋಡಿದ್ದೇನೆ.

ಮೊದಲನೆಯದು, ತುಂಡು ಮಾಡಿ ಸಾಗುವುದು. ಒಂದು ರಜೆಯಲ್ಲಿ ಒಂದು ಹಂತ, ದೋಣಿಯನ್ನು ಅಲ್ಲೇ ಕಟ್ಟಿ ವಿಮಾನದಲ್ಲಿ ವಾಪಸ್. ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಬಿಸ್ಕೆ ಕೊಲ್ಲಿ ದಾಟಿ ಸ್ಪೇನಿನ ಕೊರುನ್ಯಾಗೆ ಸುಮಾರು 450 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿಯಂತೆ ನಾಲ್ಕು ದಿನವೂ ಬೇಡ. ಎರಡು ವಾರ ರಜೆ ಧಾರಾಳ ಅಲ್ವಾ?

ಫಾಲ್ಮತ್‌ನಲ್ಲಿ ಎದುರುಗಾಳಿಗೆ ಐದು ದಿನ ಸುಮ್ನೆ ಕೂತೆವು. ಹತ್ತನೇ ದಿನಕ್ಕೆ ಗೆಳೆಯನದು, ನನ್ನದು ಇಬ್ಬರದೂ ವಾಪಸ್ ಟಿಕೆಟ್. ಆರನೇ ದಿನ ಗಾಳಿ ಪೂರ್ತಿ ಇಳಿಯದಿದ್ದರೂ ಹೊರಟೆವು. ಟಿಕೆಟ್ ಇಲ್ಲದಿದ್ದರೆ ಖಂಡಿತ ಹೊರಡುತ್ತಿರಲಿಲ್ಲ. ತಳ 200 ಮೀಟರ್ ಇದ್ದದ್ದು 4,000ಕ್ಕೆ ಇಳಿಯುವ ಕಡೆ ಅಲೆಗಳ ಸ್ವಭಾವವೇ ಬೇರೆ. ಮೂರು ಗಂಟೆ ಕಾವಲು, ಮೂರು ಗಂಟೆ ನಿದ್ದೆ. ನಿದ್ದೆ ಅನ್ನೋದು ಹೆಸರಿಗೆ. ತಿಂದ ಅವಲಕ್ಕಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ರೋಮನ್ನರ ಕಾಲದ ಹರ್ಕ್ಯುಲಸ್ ದೀಪಸ್ತಂಭ ಕಂಡಾಗ ಫೋನು ಟಿಂಗ್ ಟಿಂಗ್ ಅನ್ನಲು ಶುರುವಾಯಿತು. ಮೊದಲ ಫೋಟೋ, ಮಗನ ಬಿದ್ದ ಹಲ್ಲು.

ಕಷ್ಟ ಅಷ್ಟಕ್ಕೇ ಮುಗಿಯಲ್ಲ. ದೋಣಿ ಕಟ್ಟಿಹಾಕುವ ಮರೀನಾಗೆ ತಿಂಗಳ ಬಾಡಿಗೆ ಕಟ್ಟುತ್ತಿರಬೇಕು. ಮನೆಯಲ್ಲಿ ರಾತ್ರಿ ಗಾಳಿ ಬೀಸಿದರೆ ಹಗ್ಗ ಸವೆದಿರಬಹುದಾ ಎಂಬ ಚಿಂತೆ. ಕಾರು ಓಡಿಸುವಾಗಲೂ ಅದೇ. 'ನೀನು ಸಮುದ್ರದಲ್ಲಿ ಇದ್ದಾಗಲೇ ವಾಸಿ. ಎಲ್ಲಿದ್ದೀಯ ಅಂತಾದರೂ ಗೊತ್ತಿರುತ್ತೆ' ಅಂದಳು ಹೆಂಡತಿ.

ಎರಡನೆಯದು, ಸಂಬಳವಿಲ್ಲದ ರಜೆ ಹಾಕಿ ಒಂದೇ ಉಸಿರಿಗೆ ದಾಟುವುದು, ಅದೂ ಬೇರೆಯವರ ದೋಣಿಯಲ್ಲಿ ಆಳಾಗಿ. ನವೆಂಬರ್ ಕೊನೆ, ಚಂಡಮಾರುತಗಳ ಕಾಲ ಮುಗಿಯುವ ಹೊತ್ತು. ಕೆನರಿ ದ್ವೀಪದ ಲಾಸ್ ಪಾಲ್ಮಾಸ್‌ನಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್ನಿನ ಸೇಂಟ್ ಲೂಸಿಯಾಗೆ 2,700 ಮೈಲಿ, ನಮಗೆ 19 ದಿನ ಹಿಡಿಯಿತು. ಐದು ಜನ ಇದ್ದದ್ದರಿಂದ ಮೂರು ಗಂಟೆ ಕಾವಲು ಮುಗಿದರೆ ಹನ್ನೆರಡು ಗಂಟೆ ಬಿಡುವು. ಆಫೀಸಿನವರಿಗೂ ಇದೇ ಸಲೀಸು. ನಾನು ಇಲ್ಲ ಅಂದರೆ ಪೂರ್ತಿ ಇಲ್ಲ, ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಬಹುದು. ವಾಪಸ್ ಟಿಕೆಟ್ಟನ್ನು ದಡ ಮುಟ್ಟಿದ ಮೇಲೇ ತೆಗೆದೆ. ಎಷ್ಟು ಹಗುರಾಗಿತ್ತು ಗೊತ್ತಾ! ಭಾರವೆಲ್ಲ ಬಿದ್ದದ್ದು ಮನೆಯ ಮೇಲೆ. ಸಂಜೆ ನಾಲ್ಕಕ್ಕೇ ಕತ್ತಲು, ಇಬ್ಬರು ಮಕ್ಕಳಿಗೂ ನೆಗಡಿ, ಅವಳಿಗೆ ನೈಟ್ ಶಿಫ್ಟ್. ಆಮೇಲೆ ಎರಡು ತಿಂಗಳು ಅಡುಗೆ ನಾನೇ ಮಾಡಿದೆ. ಅದರಿಂದೇನೂ ಸಾಲ ತೀರಲಿಲ್ಲ ಬಿಡಿ. ಇನ್ನೊಂದು ಕೊರಗು ನನ್ನದೇ. ಎಷ್ಟೇ ಚೆನ್ನಾಗಿದ್ದರೂ ಬೇರೆಯವರ ಮದುವೆಯಲ್ಲಿ ಊಟ ಬಡಿಸಿದ ಹಾಗೆ.

ಮೂರನೆಯದು, ಬೇಸಿಗೆ ರಜೆಯಲ್ಲಿ ಸಂಸಾರವನ್ನೇ ದೋಣಿಗೆ ಹತ್ತಿಸಿ, ಕೊರುನ್ಯಾ ಸುತ್ತಮುತ್ತಲ ಹಿನ್ನೀರಿನಲ್ಲಿ ಲಂಗರು ಹಾಕಿ ಅಲ್ಲಿಂದಲೇ ಕೆಲಸ. ಮಕ್ಕಳಿಗೆ ಸ್ವರ್ಗ. ನನಗೆ ಮೀಟಿಂಗ್ ನಡುವೆ ಲಂಗರು ಜಾರಿತು, ಕ್ಯಾಮೆರಾ ಆಫ್ ಮಾಡಿ ಓಡಿದೆ. ಆದರೆ ಇದು ವಿಹಾರ, ದೂರಯಾನ ಅಲ್ಲ.

ಹಾಗಾದರೆ ಯಾವುದು? ಮಕ್ಕಳು ಚಿಕ್ಕವರಿರುವವರೆಗೆ ನನ್ನ ಓಟು ತುಂಡು ಯಾನಕ್ಕೇ, ಆದರೆ ವಾಪಸ್ ಟಿಕೆಟ್ ಇಲ್ಲದೆ. ನಾಲ್ಕು ದಿನದ ದಾರಿಗೆ ಹತ್ತು ದಿನ ಎತ್ತಿಡಬೇಕು, ಗಾಳಿ ಕೂಡಿಬರದಿದ್ದರೆ ಹೊರಡದೇ ಮನೆಗೆ ಬರಬೇಕು. ಈ ಜುಲೈ ಕೊನೆಗೆ ಕೊರುನ್ಯಾದಿಂದ ಲಿಸ್ಬನ್. ಬೇಸಿಗೆಯಲ್ಲಿ ಅಲ್ಲಿ ಉತ್ತರದ ಗಾಳಿ, ಬೆನ್ನಿಗೇ ಬೀಸುತ್ತದೆ. 2020ರಿಂದ ಆ ಕಡಲಲ್ಲಿ ಓರ್ಕಾ ಎಂಬ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿ ಮುರಿಯುತ್ತಿವೆ, ಹಾಗಾಗಿ ದಡದ ಹತ್ತಿರವೇ ಹೋಗುವ ಯೋಚನೆ. ಟಿಕೆಟ್ ಒಂದು ಕಡೆಯದು ಮಾತ್ರ ತೆಗೆದಿದ್ದೇನೆ.

ಮಗಳು ಮಾತ್ರ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಆಗಸ್ಟ್ 9ಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ಕೇಕ್ ಬರೆದಿದ್ದಾಳೆ.