ಹಳೇ ಕಾರಿನ ಸಸ್ಪೆನ್ಶನ್ ಕೆಲಸ: ಬಿಚ್ಚಿದ ಸಾಮಾನು ಕಣ್ಣಿಗೆ ಬೀಳದೆ ರೊಕ್ಕ ಕೊಡಬೇಡಿ

ಹುಬ್ಬಳ್ಳಿ-ಧಾರವಾಡ ಕಡೆ ಹತ್ತು-ಹದಿನೈದು ವರ್ಷದ ಮನೆಗಾಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಸಸ್ಪೆನ್ಶನ್ ಪೂರಾ ಹೊಸಾದು ಮಾಡಿ ಕೊಡ್ತೀವ್ರಿ, ಎಲ್ಲಾ ಸೇರಿ ಇಷ್ಟು" ಅಂತ ಯಾರಾದರೂ ಒಂದೇ ಮಾತಿನಲ್ಲಿ ಗುತ್ತಿಗೆ ಹೇಳಿದರೆ, ಯಾವ ಸಾಮಾನು, ಯಾವ ಕಂಪನಿಯದು ಅಂತ ಬರೆಸಿಕೊಳ್ಳದೆ ಕೀಲಿ ಕೊಡಬೇಡಿ. ನಮ್ಮ ಗಾಡಿಯ ಮುಂದಿನ ಗಾಲಿ ಹೆದ್ದಾರಿಯಲ್ಲಿ ಕಳಚುವ ಹಂತಕ್ಕೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಮಕ್ಕಳು ಇದ್ದರು.

ನಮ್ಮದು 2010ರ ಸ್ವಿಫ್ಟ್. ಕೆಲಸವಂತೂ ಬೇಕಾಗಿತ್ತು. ಹಂಪ್ ದಾಟಿದ ಮೇಲೂ ಮುಂಭಾಗ ಎರಡು ಮೂರು ಸಲ ತೂಗುತ್ತಿತ್ತು, ಸಣ್ಣ ತಗ್ಗಿಗೂ ಎಡಗಡೆ ಕಟ್ ಕಟ್ ಸಪ್ಪಳ, ಟೈರು ಅಲ್ಲೊಂದು ಕಡೆ ಇಲ್ಲೊಂದು ಕಡೆ ಸವೆದಿತ್ತು. ನಮ್ಮ ಭಾಗದ ರಸ್ತೆಗಳಲ್ಲಿ ಇದು ಆಗುವಂಥದ್ದೇ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಡಾಂಬರು ಅದರ ಜೊತೆಗೇ ಎದ್ದು ಕುಸಿಯುತ್ತದೆ. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆ ದಿನಾ ಓಡಾಡುವವರ ಶಾಕಪ್‌ಗೆ (ಶಾಕ್ ಅಬ್ಸಾರ್ಬರ್), ಬುಷ್‌ಗೆ (ಜೋಡಣೆಯ ಜಾಗದಲ್ಲಿ ಕೂರುವ ರಬ್ಬರು) ಪುರುಸೊತ್ತೇ ಇರುವುದಿಲ್ಲ.

ಹುಬ್ಬಳ್ಳಿಯ ಒಂದು ಗ್ಯಾರೇಜಿನವರು ಮುಂದಿನ ಎರಡು ಶಾಕಪ್, ಮೌಂಟ್ (ಶಾಕಪ್‌ನ ಮೇಲ್ತುದಿ ಹಿಡಿಯುವ ಭಾಗ), ಲೋವರ್ ಆರ್ಮ್ (ಗಾಲಿಯ ಕೆಳಭಾಗವನ್ನು ಗಾಡಿಗೆ ಜೋಡಿಸುವ ತೋಳು), ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಕಂಬಿಯ ಕೊಂಡಿ), ಹಿಂದಿನ ಶಾಕಪ್ ಎಲ್ಲಾ ಹೊಸದು ಎಂದು ಬಾಯಲ್ಲಿ ಹೇಳಿ 24 ಸಾವಿರ ಕೇಳಿದರು. ಸಂಜೆ ಹೋದಾಗ ಎಲ್ಲಾ ಕಪ್ಪಗೆ ಹೊಳೆಯುತ್ತಿತ್ತು, ಗಾಡಿ ಎರಡು ಬೆರಳು ಎತ್ತರಕ್ಕೆ ನಿಂತಿತ್ತು. "ಇನ್ನ ಐದು ವರ್ಷ ಚಿಂತಿ ಇಲ್ರಿ ಸರ್ರ" ಅಂದರು. ಹಳೇ ಸಾಮಾನು ಕೇಳಿದೆ. "ಗುಜರಿಯಾಂವ ಬಂದಿದ್ದ, ಒಯ್ದಾನ್ರಿ." ಬಿಲ್ ಅಂತ ಕೊಟ್ಟ ಚೀಟಿಯ ಮೇಲೆ ಗಾಡಿ ನಂಬರು, "ಸಸ್ಪೆನ್ಶನ್ ಕೆಲಸ", ಒಟ್ಟು ಮೊತ್ತ ಇಷ್ಟೇ ಇತ್ತು.

ಕೆಲವೇ ವಾರ ಆಗಿರಬೇಕು, ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಗದಗಿಗೆ ಹೊರಟೆವು. ಅಣ್ಣಿಗೇರಿ ದಾಟಿದ ಮೇಲೆ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯತೊಡಗಿತು, ಜೊತೆಗೆ ಕೆಳಗಿನಿಂದ ಕಬ್ಬಿಣ ಬಡಿದ ಸಪ್ಪಳ. ನಡೆಯುವಷ್ಟು ನಿಧಾನಕ್ಕೆ ರಸ್ತೆ ಬದಿಗೆ ತಂದು ನಿಲ್ಲಿಸಿ, ಮನೆಯವರನ್ನು ಬಸ್ಸಿಗೆ ಹತ್ತಿಸಿ, ಗಾಡಿಯನ್ನು ಟೋಯಿಂಗ್ ಮೇಲೆ ಗದಗಿನ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಒಯ್ದೆ. ಅವರು ಎಡಗಾಲಿ ಬಿಚ್ಚಿದವರೇ ನನ್ನನ್ನು ಹತ್ತಿರ ಕರೆದರು. "ತಮ್ಮಾ, ಈ ನಟ್ಟಿಗೆ ಬೆರಳು ಹಚ್ಚಿ ನೋಡು." ಪಾನಾ ಬೇಕಾಗಲಿಲ್ಲ, ಬೆರಳಿಗೇ ತಿರುಗಿತು.

ಅದು ಯಾವ ನಟ್ ಅಂತ ತಿಳಿದುಕೊಳ್ಳಿ. ಲೋವರ್ ಆರ್ಮಿನ ತುದಿಗೆ ಬಾಲ್ ಜಾಯಿಂಟ್, ಅಂದರೆ ಗುಂಡಿನ ಕೀಲು ಇರುತ್ತದೆ. ಅದರ ಕಡ್ಡಿ ಗಾಲಿ ಹಿಡಿದಿರುವ ನಕಲ್ (knuckle) ಎಂಬ ಭಾಗದ ತೂತಿನೊಳಗೆ ಪೂರ್ತಿ ಸೇರಬೇಕು. ಕಡ್ಡಿಯ ಮೇಲೊಂದು ತೋಡು ಇದೆ, ಬೋಲ್ಟು ಅಡ್ಡಲಾಗಿ ಅದರೊಳಗೆ ಹಾಯ್ದು ನಕಲ್ ಬಿಗಿಯಾಗಿ ಕಚ್ಚಬೇಕು. ಬೆರಳಿಗೆ ತಿರುಗಿದ್ದು ಈ ಬೋಲ್ಟಿನ ನಟ್ಟೇ. ಗಾಲಿಯ ಕೆಳಭಾಗವನ್ನು ಗಾಡಿಗೆ ಹಿಡಿದಿಡುವುದು ಇದೇ ಜಾಗ. ಕಡ್ಡಿ ಹೊರಗೆ ಜಾರಿದರೆ ಗಾಲಿ ಹೊರಕ್ಕೆ ಮಡಚಿಕೊಳ್ಳುತ್ತದೆ, ಆಮೇಲೆ ಸ್ಟೇರಿಂಗ್ ತಿರುಗಿಸಿ ಏನೂ ಮಾಡಲು ಬರುವುದಿಲ್ಲ. ನಮ್ಮ ಕಡ್ಡಿ ಅಲುಗಾಡಿ ಅಲುಗಾಡಿ ಸವೆದು ಹೊಳೆಯುತ್ತಿತ್ತು. ಅದನ್ನು ನೋಡಿದಾಗ ನನ್ನ ಕೈ ನಡುಗಿತು.

ಉಳಿದದ್ದನ್ನೂ ಅವರು ಒಂದೊಂದಾಗಿ ತೋರಿಸಿದರು. ಶಾಕಪ್ ಮೇಲಿನ ಬಣ್ಣ ಕೆರೆದರೆ ಕೆಳಗೆ ಹಳೇ ಎಣ್ಣೆಯ ಜಿಡ್ಡು, ತುಕ್ಕು. ನಮ್ಮ ಹಳೇ ಶಾಕಪ್‌ಗಳನ್ನೇ ಕೊರೆದು, ಎಣ್ಣೆ ತುಂಬಿ, ವೆಲ್ಡ್ ಮಾಡಿ ಬಣ್ಣ ಹೊಡೆದಿದ್ದರು. ಕಾರಿನ ಶಾಕಪ್ ಬಿಚ್ಚಿ ತುಂಬಲು ಮಾಡಿದ ವಸ್ತುವಲ್ಲ. ಒಳಗೆ ಪಿಸ್ಟನ್ನಿನ ಸಣ್ಣ ವಾಲ್ವುಗಳ ಮೂಲಕ ಎಣ್ಣೆ ತಡೆತಡೆದು ಹಾಯುವುದರಿಂದಲೇ ಸ್ಪ್ರಿಂಗಿನ ಕುಣಿತ ನಿಲ್ಲುತ್ತದೆ. ವಾಲ್ವು ಸವೆದ ಮೇಲೆ ಎಷ್ಟು ಎಣ್ಣೆ ಸುರಿದರೂ ಅದು ಸ್ವಲ್ಪ ದಿನದ ಮಾತು. ಗ್ಯಾಸ್ ಇರುವ ಶಾಕಪ್ ಆಗಿದ್ದರೆ ಕೊರೆದ ಕೂಡಲೇ ಗ್ಯಾಸೂ ಹೋಯಿತು. ಮೇಲಿನ ನಟ್ ಬಿಚ್ಚುವಾಗ ರಾಡ್ ತಿರುಗದಿರಲಿ ಅಂತ ಇಕ್ಕಳದಿಂದ ಹಿಡಿದ ಗುರುತೂ ಇತ್ತು. ಆ ಗೀರುಗಳು ಮೇಲೆ ಕೆಳಗೆ ಆಡುವಾಗ ಎಣ್ಣೆ ಸೀಲನ್ನು ಹರಿಯುತ್ತವೆ. ಹೊಸ ಶಾಕಪ್ ಹಾಕಿದರೂ ಇಕ್ಕಳ ತಾಗಿಸಿದರೆ ಅದೇ ಗತಿ.

ಗಾಡಿ ಎತ್ತರ ಆದದ್ದು ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕಿದ ರಬ್ಬರ್ ಬಫರ್‌ನಿಂದ. ಆ ಸುರುಳಿಗಳು ಕುಗ್ಗಲಾರವು, ಭಾರವೆಲ್ಲ ಉಳಿದ ಸುರುಳಿಗಳ ಮೇಲೆ ಬೀಳುತ್ತದೆ. ಎತ್ತರ ನೋಡಿ ಸ್ಪ್ರಿಂಗ್ ಗಟ್ಟಿ ಆಯಿತು ಅಂತ ನಂಬಬೇಡಿ.

ಲೋವರ್ ಆರ್ಮ್ ಮಾತ್ರ ನಿಜವಾಗಿ ಹೊಸದಿತ್ತು, ಆದರೂ ಬುಷ್ ಆಗಲೇ ಹರಿದಿತ್ತು. ನನಗೆ ಇದೇ ಹೆಚ್ಚು ನೋವು ತಂದದ್ದು, ಯಾಕೆಂದರೆ ಇಲ್ಲಿ ಯಾರಿಗೂ ಲಾಭವಿರಲಿಲ್ಲ, ಒಳ್ಳೆಯ ಸಾಮಾನು ಸುಮ್ಮನೆ ಹಾಳಾಯಿತು. ಗಾಡಿ ಜಾಕ್ ಮೇಲಿದ್ದಾಗ ಗಾಲಿ ಕೆಳಗೆ ಜೋತು ಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಬುಷ್ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದ ಕೂಡಲೇ ಒಳಗಿನ ರಬ್ಬರು ಒದ್ದೆ ಅರಿವೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಸುಮ್ಮನೆ ನಿಂತಿದ್ದರೂ ತಿರುಚಿಕೊಂಡೇ ಇರುತ್ತದೆ. ಮೊದಲು ಸಡಿಲಾಗಿ ಜೋಡಿಸಬೇಕು, ಗಾಡಿಯ ಭಾರ ಗಾಲಿಗಳ ಮೇಲೆ ಬಂದ ನಂತರ ಕೊನೆಯ ಬಿಗಿತ ಕೊಡಬೇಕು. ಈ ಒಂದು ಮಾತನ್ನು ಗ್ಯಾರೇಜಿನಲ್ಲಿ ಕೇಳಿ ನೋಡಿ. ಉತ್ತರದಲ್ಲೇ ಅವರ ಕೆಲಸ ಎಂಥದ್ದು ಅಂತ ತಿಳಿಯುತ್ತದೆ.

ವಾಪಸ್ ಬಂದು ಗ್ಯಾರೇಜಿನವರನ್ನು ಕೇಳಿದಾಗ, "ನೀವ ತಗ್ಗಿನ್ಯಾಗ ಹಾಕೀರಿ, ನಾವೇನ್ ಮಾಡೂಣು" ಅಂದರು. ರೊಕ್ಕ ಬರಲಿಲ್ಲ. ನೀವು ಬಿಲ್ ಬಗ್ಗೆ ಪಟ್ಟು ಹಿಡಿಯಿರಿ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 2 ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ರಾಷ್ಟ್ರೀಯ ಸಹಾಯವಾಣಿ 1915. ಪ್ರತಿ ಸಾಮಾನಿನ ಹೆಸರು, ಕಂಪನಿ, ಬೆಲೆ, ಕೂಲಿ ಬೇರೆ ಬೇರೆ ಬರೆದ ಬಿಲ್ ಇದ್ದರೆ ಅಲ್ಲಿ ನಿಮ್ಮ ಮಾತಿಗೆ ಬಲ ಬರುತ್ತದೆ.

ಆಗುವುದಾದರೆ ಸಾಮಾನು ಅಧಿಕೃತ ಅಂಗಡಿಯಲ್ಲಿ ನೀವೇ ಕೊಂಡು ಒಯ್ಯಿರಿ. ಶಾಕಪ್ ಯಾವಾಗಲೂ ಜೋಡಿಯಾಗಿ ಹಾಕಿಸಿ, ಮೌಂಟ್, ಬಂಪ್ ಸ್ಟಾಪ್ (ಶಾಕಪ್ ಪೂರ್ತಿ ಕುಗ್ಗಿದಾಗ ಬಡಿತ ತಡೆಯುವ ರಬ್ಬರು), ಧೂಳು ತಡೆಯುವ ರಬ್ಬರ್ ಬೂಟ್ ಜೊತೆಗೇ ಬದಲಾಗಲಿ, ಆ ಕೂಲಿ ಎರಡನೇ ಸಲ ಕೊಡುವುದು ಬೇಡ. ಲಾಕ್ ನಟ್‌ಗಳು ಹೊಸದೇ ಇರಲಿ. ಹಳೇದನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡು ಬನ್ನಿ, ಗುಜರಿಗೆ ನೀವೇ ಕೊಡಬಹುದು. ಶಾಕಪ್ ಬಿಚ್ಚಿ ಹಾಕಿದ ಮೇಲೆ ಗಾಲಿಯ ಓರೆ ಬದಲಾಗಿರುತ್ತದೆ, ಹೀಗಾಗಿ ವೀಲ್ ಅಲೈನ್‌ಮೆಂಟ್ ಮಾಡಿಸದೆ ದೂರದ ಊರಿಗೆ ಹೊರಡಬೇಡಿ, ಟೈರು ಬೇಗ ಹಾಳಾಗುತ್ತದೆ. ಗದಗಿನ ಮಿಸ್ತ್ರಿ ಕೆಲಸ ಮುಗಿಸಿ ಗಾಡಿ ಕೊಡುವಾಗ, "ಒಂದಿಷ್ಟು ಓಡಿಸಿ ತಗೊಂಡ್ ಬಾ, ಎಲ್ಲಾ ಬೋಲ್ಟ್ ಮತ್ತೊಮ್ಮೆ ನೋಡತೇನಿ" ಅಂದಿದ್ದರು. ಹೋದೆ. ಒಂದೊಂದಕ್ಕೂ ಬಿಗಿತ ಅಳೆಯುವ ಟಾರ್ಕ್ ಪಾನಾ ಹಚ್ಚಿ ನೋಡಿದರು, ರೊಕ್ಕ ತೆಗೆದುಕೊಳ್ಳಲಿಲ್ಲ.